ಲಕ್ಷ್ಮಿ, ಸೊಳ್ಳೆ ಮತ್ತು ಎಲೆಯ ಬಾಗಿಲು

ನಮ್ಮ ಮನೆಯಲ್ಲಿ ದಿನಾ ಸಂಜೆ ಆರೂವರೆಗೆ ಒಂದು ಜಗಳ ಶುರುವಾಗುತ್ತದೆ. ಗೋಡೆಯ ಗಡಿಯಾರ ನಿಂತುಹೋದ ದಿನವೂ ಅದು ತಪ್ಪಿದ್ದಿಲ್ಲ. ಅಮ್ಮ ದೇವರ ಮುಂದೆ ದೀಪ ಹಚ್ಚಿ, ಹಿತ್ತಿಲ ಬಾಗಿಲು ಹಾಕಿ ಅಗಳಿ ಬಿಗಿದು, ಮುಂಬಾಗಿಲನ್ನು ಹಾರು ಹೊಡೆದು ಬರುತ್ತಾಳೆ. “ಲಕ್ಷ್ಮಿ ಬರೋ ಹೊತ್ತು” ಎನ್ನುವುದು ಅವಳ ವಾದ. “ಸೊಳ್ಳೆ ಬರೋ ಹೊತ್ತೂ ಅದೇ ಅತ್ತೆ” ಎನ್ನುವುದು ನನ್ನ ಹೆಂಡತಿಯ ವಾದ. ಇಬ್ಬರ ಮಾತೂ ನಿಜ. ಒಬ್ಬರದಾದರೂ ಸುಳ್ಳಾಗಿದ್ದರೆ ನಾನು ಯಾವತ್ತೋ ತೀರ್ಪು ಕೊಟ್ಟು ಕಾಫಿ ಕುಡಿಯಬಹುದಿತ್ತು.

ಆಚಾರಿಯನ್ನು ಕರೆಸಿ ಮುಂಬಾಗಿಲಿಗೆ ಜಾಲರಿಯ ಬಾಗಿಲು ಹಾಕಿಸಿದೆ. ಗಾಳಿ ಬರುತ್ತದೆ, ಬೆಳಕು ಬರುತ್ತದೆ, ಸೊಳ್ಳೆ ಬರುವುದಿಲ್ಲ. ಎಲ್ಲರೂ ಮೆಚ್ಚುತ್ತಾರೆ ಅಂದುಕೊಂಡಿದ್ದೆ. ಅಮ್ಮ ಜಾಲರಿಯನ್ನು ಬೆರಳಿನಿಂದ ಒಮ್ಮೆ ಒತ್ತಿ ನೋಡಿ, “ಇದರ ತೂತಿನಲ್ಲಿ ನುಸುಳಿಕೊಂಡು ಬರೋಕೆ ಅವಳೇನು ಕಳ್ಳಿಯಾ ಮಾರಾಯ?” ಎಂದಳು. ಮೂರು ಸಾವಿರ ಕೊಟ್ಟು ಹಾಕಿಸಿದ ಬಾಗಿಲು ಅಂದಿನಿಂದ ಸಂಜೆ ಹೊತ್ತು ಗೋಡೆಗೆ ಒರಗಿಕೊಂಡೇ ಇರುತ್ತದೆ. ಸೊಳ್ಳೆಗಳು ಸಾಲಾಗಿ, ಸಭ್ಯವಾಗಿ, ಅಮ್ಮನ ಎದುರಿಗೇ ಒಳಗೆ ಬರುತ್ತವೆ.

ಈ ಜಗಳ ನಮ್ಮ ಮನೆಯಲ್ಲಿ ಹುಟ್ಟಿದ್ದಲ್ಲ, ನಲವತ್ತು ಕೋಟಿ ವರ್ಷಕ್ಕೂ ಹಳೆಯದು ಎಂದು ಗೊತ್ತಾದದ್ದು ಮಗಳ ದೆಸೆಯಿಂದ. ಒಂಬತ್ತನೇ ತರಗತಿಯ ಪ್ರಾಜೆಕ್ಟಿಗೆಂದು ಅವಳು ತನ್ನ ಅಮ್ಮನ ಉಗುರುಬಣ್ಣದ ಶೀಸೆ ಕದ್ದು, ಅಂಗಳದ ದಾಸವಾಳದ ಎಲೆಗಳಿಗೆ ಬಳಿಯುತ್ತಿದ್ದಳು. ಅದೂ ಎಲೆಯ ಬೆನ್ನಿಗೆ. ಒಣಗಿದ ಮೇಲೆ ಅದರ ಮೇಲೊಂದು ಸೆಲೋಟೇಪು ಅಂಟಿಸಿ ಮೆಲ್ಲಗೆ ಕಿತ್ತರೆ, ಎಲೆಯ ಚರ್ಮದ ಅಚ್ಚು ಬಣ್ಣದ ಪೊರೆಯಲ್ಲಿ ಮೂಡಿ ಬರುತ್ತದೆ. ಶಾಲೆಯಿಂದ ಎರವಲು ತಂದ ಸೂಕ್ಷ್ಮದರ್ಶಕದ ಕೆಳಗಿಟ್ಟು “ನೋಡಪ್ಪಾ” ಎಂದಳು. ಸಿಪ್ಪೆ ಸುಲಿದ ಎರಡು ಹಿತಕವರೆ ಬೇಳೆಗಳು ಮುಖಾಮುಖಿ ಕೂತ ಹಾಗೆ ಜೋಡಿ ಜೋಡಿ ಆಕಾರಗಳು, ನಡುವೆ ಒಂದೊಂದು ಸೀಳು. ಲೆಕ್ಕಕ್ಕೆ ಸಿಗದಷ್ಟು. ಸಾಸಿವೆ ಕಾಳು ಕೂರುವಷ್ಟು ಜಾಗದಲ್ಲಿ ನೂರಾರು. ಪಠ್ಯಪುಸ್ತಕ ಇವುಗಳನ್ನು ಪತ್ರರಂಧ್ರ ಎನ್ನುತ್ತದೆ. ಇಂಗ್ಲಿಷಿನವರು ಗ್ರೀಕರಿಂದ ಎರವಲು ಪಡೆದು ಸ್ಟೊಮಾಟ ಎನ್ನುತ್ತಾರೆ, ಬಾಯಿಗಳು ಎಂದರ್ಥ.

ಅಮ್ಮನೂ ಕನ್ನಡಕ ತೆಗೆದು ಬಗ್ಗಿ ನೋಡಿದಳು. ಮೊಮ್ಮಗಳು ಅರ್ಥ ಹೇಳಿದ ಮೇಲೆ, “ಇಷ್ಟೊಂದು ಬಾಯಿ ಇಟ್ಟುಕೊಂಡೂ ಒಂದು ಮಾತಾಡಲ್ಲ ನೋಡು. ನಮ್ಮಲ್ಲಿ ನಾಲ್ಕು ಬಾಯಿಗೇ ಹೀಗೆ” ಎಂದು ಅಡುಗೆಮನೆಯ ಕಡೆ ನೋಡಿದಳು. ಅಡುಗೆಮನೆಯಿಂದ ಪಾತ್ರೆಯೊಂದು ಸದ್ದು ಮಾಡಿತು.

ನನಗೂ ಪತ್ರರಂಧ್ರಕ್ಕೂ ಹಳೆಯ ಲೆಕ್ಕ ಬಾಕಿ ಇದೆ. ಪಿಯುಸಿಯಲ್ಲಿದ್ದಾಗ ರಿಯೋ ಗಿಡದ ನೇರಳೆ ಬೆನ್ನಿನ ಎಲೆಯಿಂದ ಸಿಪ್ಪೆ ಕಿತ್ತು, ಗಾಜಿನ ಮೇಲಿಟ್ಟು, ಒಂದು ಹನಿ ನೀರು ಬಿಟ್ಟು, ಕಂಡದ್ದನ್ನು ರೆಕಾರ್ಡ್ ಪುಸ್ತಕದಲ್ಲಿ ಬರೆಯಬೇಕಿತ್ತು. ನಾನು ಪೆನ್ಸಿಲ್ ಚೂಪು ಮಾಡಿಕೊಂಡು ಅತ್ಯಂತ ಶ್ರದ್ಧೆಯಿಂದ ದುಂಡಗೆ, ಕಪ್ಪು ಅಂಚು ಕೊಟ್ಟು ಚಿತ್ರ ಬಿಡಿಸಿದೆ. ನಮ್ಮ ಲೆಕ್ಚರರ್ ಬಹಳ ಹೊತ್ತು ಅದನ್ನೇ ನೋಡಿ, “ಗಾಳಿಗುಳ್ಳೆಯನ್ನು ಇಷ್ಟು ಚೆನ್ನಾಗಿ ಬಿಡಿಸಿದವರನ್ನು ನಾನು ಕಂಡಿಲ್ಲ” ಎಂದರು. ಅಲ್ಲಿಂದ ಮುಂದೆ ಜೀವಶಾಸ್ತ್ರ ನನ್ನ ಪಾಲಿಗೆ ಮುಚ್ಚಿದ ಬಾಗಿಲು. ಮಗಳ ಉಗುರುಬಣ್ಣದಿಂದ ಅದು ಮತ್ತೆ ಕಿರ್ರೆಂದಿತು.

ಎಲೆಗೆ ಬೇಕಾದದ್ದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡು. ಅದರಿಂದಲೇ ಸಕ್ಕರೆ, ಮರ, ಹೂವು, ಹಣ್ಣು, ನಮ್ಮ ಅನ್ನ ಎಲ್ಲ. ಆದರೆ ಗಾಳಿಯ ಹತ್ತು ಸಾವಿರ ಭಾಗದಲ್ಲಿ ಅದು ಇರುವುದು ಸುಮಾರು ನಾಲ್ಕು ಭಾಗ. ಇಷ್ಟು ತೆಳುವಾಗಿ ಹರಡಿದ ಸಂಪತ್ತು ಒಳಗೆ ಬರಬೇಕಾದರೆ ಬಾಗಿಲು ಚೆನ್ನಾಗಿ ತೆರೆಯಬೇಕು. ತೆರೆದರೆ ಎಲೆಯ ಒಳಗಿನ ನೀರು ಆವಿಯಾಗಿ ಅದೇ ಬಾಗಿಲಿನಿಂದ ಹೊರಗೆ ಹೊರಡುತ್ತದೆ. ಭತ್ತದಂಥ ಗಿಡ ಒಂದು ಅಣು ಇಂಗಾಲದ ಡೈಆಕ್ಸೈಡು ಗಳಿಸುವಷ್ಟರಲ್ಲಿ ನಾನೂರೋ ಐನೂರೋ ಅಣು ನೀರು ಕಳೆದುಕೊಂಡಿರುತ್ತದೆ. ಒಂದು ರೂಪಾಯಿ ವಸೂಲಿಗೆ ನಾನೂರು ರೂಪಾಯಿ ಬಸ್‌ಚಾರ್ಜು! ಬೇರು ಕಷ್ಟಪಟ್ಟು ಎಳೆದು ತಂದ ನೀರಿನಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಹೀಗೆ ಬಾಗಿಲಲ್ಲೇ ಹಾರಿಹೋಗುತ್ತದೆ. ಪೂರ್ತಿ ದಂಡವೇನಲ್ಲ. ಆವಿಯಾಗುವ ನೀರು ಎಲೆಯನ್ನು ತಂಪಾಗಿಡುತ್ತದೆ, ಮೇಲೆ ಹೋದ ನೀರು ಕೆಳಗಿನ ನೀರನ್ನು ಎಳೆದುಕೊಳ್ಳುತ್ತದೆ, ಜೊತೆಗೆ ಮಣ್ಣಿನ ಲವಣಗಳೂ ಏರುತ್ತವೆ. ಆದರೂ ದುಬಾರಿಯೇ.

ಹಾಗಾದರೆ ಎಲೆಯೂ ಒಂದು ಜಾಲರಿ ಹಾಕಿಸಿಕೊಳ್ಳಬಾರದೇ? ಇಂಗಾಲದ ಡೈಆಕ್ಸೈಡು ಬರಲಿ, ನೀರು ಹೋಗದಿರಲಿ? ಇಲ್ಲೇ ನನಗೆ ಅಮ್ಮನ ಮಾತು ನೆನಪಾದದ್ದು. ನೀರಿನ ಅಣುವಿನ ತೂಕ 18, ಇಂಗಾಲದ ಡೈಆಕ್ಸೈಡಿನದು 44. ಗಾತ್ರದಲ್ಲೂ ನೀರೇ ಚಿಕ್ಕದು. ದೊಡ್ಡದನ್ನು ಬಿಟ್ಟು ಚಿಕ್ಕದನ್ನು ತಡೆಯುವ ಜಾಲರಿಯನ್ನು ಯಾವ ಆಚಾರಿ ತಾನೇ ಹೆಣೆದಾನು? ಲಕ್ಷ್ಮಿಯನ್ನು ಬಿಟ್ಟು ಸೊಳ್ಳೆಯನ್ನು ತಡೆಯುವ ಬಾಗಿಲು ಎಲೆಗೂ ಸಿಕ್ಕಿಲ್ಲ. ಉಳಿದದ್ದು ಒಂದೇ ದಾರಿ: ಹೊತ್ತು ನೋಡಿ ತೆರೆಯುವುದು, ಹೊತ್ತು ನೋಡಿ ಮುಚ್ಚುವುದು. ಅಂದಹಾಗೆ, ಸೊಳ್ಳೆ ನಮ್ಮನ್ನು ಹುಡುಕಿಕೊಂಡು ಬರುವುದು ಕೂಡ ನಮ್ಮ ಉಸಿರಿನಲ್ಲಿರುವ ಇಂಗಾಲದ ಡೈಆಕ್ಸೈಡಿನ ಜಾಡು ಹಿಡಿದೇ. ಎಲೆ ಮತ್ತು ಸೊಳ್ಳೆಗಳ ಕಣ್ಣು ಒಂದೇ ಗಂಟಿನ ಮೇಲೆ.

ಬಾಗಿಲು ಕಾಯುವವರು ಆ ಎರಡು ಅವರೆ ಬೇಳೆಗಳು, ಕಾವಲು ಕೋಶಗಳು. ಬೆಳಗಿನ ಬೆಳಕು, ಅದರಲ್ಲೂ ನೀಲಿ ಬೆಳಕು ತಾಗಿದೊಡನೆ ಅವು ಸುತ್ತಲಿನಿಂದ ಪೊಟ್ಯಾಸಿಯಂ ಎಳೆದುಕೊಳ್ಳುತ್ತವೆ. ಉಪ್ಪು ಹೋದಲ್ಲಿಗೆ ನೀರು ಹೋಗುತ್ತದೆ. ಉಪ್ಪಿನಕಾಯಿಯ ಭರಣಿ ನೋಡಿದವರಿಗೆಲ್ಲ ಇದು ಗೊತ್ತು. ನೀರು ತುಂಬಿದ ಕೋಶ ಗಾಳಿ ಹೊಡೆಸಿದ ಸೈಕಲ್ ಟ್ಯೂಬಿನಂತೆ ಬಿಗಿಯುತ್ತದೆ. ಅದರ ಗೋಡೆಯಲ್ಲಿ ನಾರುಗಳು ಸುತ್ತುಬಳೆಯಂತೆ ಇರುವುದರಿಂದ ದಪ್ಪಗಾಗಲು ಬಿಡುವುದಿಲ್ಲ, ಉದ್ದವಾಗಬೇಕು. ಎರಡೂ ತುದಿ ಅಂಟಿಕೊಂಡಿರುವಾಗ ಉದ್ದವಾದರೆ ಬಿಲ್ಲಿನಂತೆ ಬಾಗದೆ ಗತಿಯಿಲ್ಲ. ಎರಡು ಬಿಲ್ಲು ಆಚೆಗೊಂದು ಈಚೆಗೊಂದು ಬಾಗಿದಾಗ ನಡುವೆ ಬಾಗಿಲು. ಸಂಜೆಗೆ ಪೊಟ್ಯಾಸಿಯಂ ಹೊರಗೆ, ಅದರ ಹಿಂದೆ ನೀರು ಹೊರಗೆ, ಟ್ಯೂಬು ಸಡಿಲ, ಬಾಗಿಲು ಬಂದ್. ಕೋಶ ನೀರಿನಿಂದ ಉಬ್ಬುವುದರಿಂದಲೇ ಹೀಗಾಗುತ್ತದೆ ಎಂದು ಜರ್ಮನಿಯ ಹ್ಯೂಗೊ ಫಾನ್ ಮೋಲ್ 1856ರಲ್ಲೇ ಹೇಳಿದ್ದ. ಪೊಟ್ಯಾಸಿಯಮ್ಮಿನ ಕೈವಾಡವನ್ನು ಜಪಾನಿನ ಇಮಾಮುರ 1943ರಲ್ಲಿ ತೋರಿಸಿದರೂ, ಲೋಕ ಅದಕ್ಕೆ ಕಿವಿಗೊಟ್ಟದ್ದು 1960ರ ದಶಕ ಕಳೆಯುವ ಹೊತ್ತಿಗೆ. ಯುದ್ಧಕಾಲದಲ್ಲಿ ಎಲೆಯ ಬಾಗಿಲಿನ ಮಾತು ಯಾರಿಗೆ ಬೇಕಿತ್ತು?

ಬೆಳಕೊಂದೇ ಯಜಮಾನ ಅಂದುಕೊಳ್ಳುವ ಹಾಗೂ ಇಲ್ಲ. ಗಿಡವನ್ನು ಪೂರ್ತಿ ಕತ್ತಲಲ್ಲಿಟ್ಟರೂ ಬೆಳಗಿನ ಹೊತ್ತಿಗೆ ಹಲವು ಗಿಡಗಳ ಪತ್ರರಂಧ್ರಗಳು ತಮ್ಮಷ್ಟಕ್ಕೆ ಕೊಂಚ ತೆರೆದುಕೊಳ್ಳುತ್ತವೆ. ಒಳಗೊಂದು ಗಡಿಯಾರ ಇದೆ. ಅಮ್ಮ ಅಲಾರಂ ಇಲ್ಲದೆ ನಾಲ್ಕೂಮುಕ್ಕಾಲಿಗೆ ಎದ್ದು, ಸೂರ್ಯನಿಗಿಂತ ಮೊದಲು ಬಾಗಿಲಿಗೆ ನೀರು ಹಾಕಿ ರಂಗೋಲಿ ಮುಗಿಸಿರುತ್ತಾಳಲ್ಲ, ಹಾಗೆ.

ಈ ನೀರಿನ ಖರ್ಚನ್ನು ಹಿಂದೆಯೇ ತೂಗಿ ನೋಡಿದವನು ಸ್ಟೀಫನ್ ಹೇಲ್ಸ್ ಎಂಬ ಇಂಗ್ಲೆಂಡಿನ ಪಾದ್ರಿ. ಕುಂಡದಲ್ಲಿದ್ದ ಸೂರ್ಯಕಾಂತಿ ಗಿಡದ ಬುಡವನ್ನು ಸೀಸದ ತಗಡಿನಿಂದ ಮುಚ್ಚಿ, ಬೆಳಿಗ್ಗೆ ಸಂಜೆ ಅದನ್ನು ತಕ್ಕಡಿಗೆ ಏರಿಸುತ್ತಿದ್ದ. ಹಗಲೆಲ್ಲ ತೂಕ ಇಳಿಯುತ್ತಿತ್ತು, ರಾತ್ರಿ ಹೆಚ್ಚುಕಡಿಮೆ ನಿಂತುಬಿಡುತ್ತಿತ್ತು. ಗಾತ್ರಕ್ಕೆ ಗಾತ್ರ ಹೋಲಿಸಿದರೆ ಸೂರ್ಯಕಾಂತಿ ಮನುಷ್ಯನಿಗಿಂತ ಹದಿನೇಳು ಪಟ್ಟು ಬೆವರುತ್ತದೆ ಎಂದು ಲೆಕ್ಕ ಹಾಕಿ 1727ರಲ್ಲಿ ಪುಸ್ತಕದಲ್ಲಿ ಬರೆದ. ಹೋಲಿಕೆಗೆ ಬಂದ ಆ ಮನುಷ್ಯ ಮೇ ತಿಂಗಳ ರಾಯಚೂರಿನವನಲ್ಲ ಎನ್ನುವುದನ್ನು ಗಮನದಲ್ಲಿಡಬೇಕು. ಇನ್ನೊಬ್ಬ ಫ್ರಾನ್ಸಿಸ್ ಡಾರ್ವಿನ್, ದೊಡ್ಡ ಡಾರ್ವಿನ್ನನ ಮಗ. ಅವನು ಪ್ರಾಣಿಯ ಕೊಂಬನ್ನು ಕಾಗದದಂತೆ ತೆಳುವಾಗಿ ಸೀಳಿ, ಎಲೆಯ ಬೆನ್ನಿಗೆ ತಾಗಿಸಿ ಇಡುತ್ತಿದ್ದ. ಎಲೆ ಆವಿ ಬಿಟ್ಟರೆ ಕೊಂಬಿನ ಸೀಳು ತೇವಕ್ಕೆ ಬಾಗುತ್ತದೆ, ಬಿಡದಿದ್ದರೆ ಸುಮ್ಮನಿರುತ್ತದೆ. ಈ ಒಂದು ಆಟಿಕೆಯಿಂದ ಹಲವಾರು ಗಿಡಗಳ ಬಾಗಿಲಿನ ದಿನಚರಿ ಬರೆದು 1898ರಲ್ಲಿ ಪ್ರಕಟಿಸಿದ. ನನ್ನ ಹೆಂಡತಿ ಇದನ್ನು ಕೇಳಿ, “ಅವರ ಮನೇಲಿ ಬೇರೆ ಕೆಲಸ ಹೇಳೋರು ಯಾರೂ ಇರಲಿಲ್ವಾ?” ಎಂದಳು. ವಿಜ್ಞಾನದ ಇತಿಹಾಸಕಾರರು ಕೇಳಬೇಕಾದ ಪ್ರಶ್ನೆ.

ಹಗಲೆಲ್ಲ ಬಾಗಿಲು ತೆರೆದೇ ಇರುತ್ತದೆ ಎಂದೂ ತಿಳಿಯಬಾರದು. ಬಿಸಿಲು ನೆತ್ತಿಗೆ ಬಂದು ಗಾಳಿ ಒಣಗಿದಾಗ ಅನೇಕ ಗಿಡಗಳು ಮಧ್ಯಾಹ್ನ ಬಾಗಿಲು ಓರೆ ಮಾಡಿಕೊಳ್ಳುತ್ತವೆ. ಬಿಸಿಲು ಇಳಿದ ಮೇಲೆ ಮತ್ತೆ ವ್ಯಾಪಾರ. ಮಲೆನಾಡಿನ ಸಣ್ಣ ಪೇಟೆಗಳಲ್ಲಿ ಊಟದ ಹೊತ್ತಿಗೆ ಅಂಗಡಿಯ ಹಲಗೆ ಹಾಕಿ, ಒಂದು ನಿದ್ದೆ ತೆಗೆದು, ನಾಲ್ಕಕ್ಕೆ ಮತ್ತೆ ತೆರೆಯುವ ಶೆಟ್ಟರನ್ನು ನಾವು ಸೋಮಾರಿಗಳೆಂದು ನಗುತ್ತಿದ್ದೆವು. ಗಿಡಗಳ ಲೆಕ್ಕ ಗೊತ್ತಿದ್ದರೆ ನಗುತ್ತಿರಲಿಲ್ಲ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಫ್ಯಾನು ತಿರುಗಿಸುವುದು ಬರೀ ಖರ್ಚು. ಇನ್ನು ಮಳೆ ಕೈಕೊಟ್ಟರೆ ಗಿಡದೊಳಗೆ ಅಬ್ಸಿಸಿಕ್ ಆಮ್ಲ ಎಂಬ ರಸ ಹೆಚ್ಚುತ್ತದೆ. ಕಾವಲು ಕೋಶಗಳಿಗೆ ಅದು ತಲುಪಿದರೆ, ಎಷ್ಟೇ ಬೆಳಕಿರಲಿ, ಬಾಗಿಲು ಹಾಕಲೇಬೇಕು. ಹಸಿವು ತಡೆದುಕೊಳ್ಳಬಹುದು, ಬಾಯಾರಿಕೆ ತಡೆಯಲಾಗದು ಎಂಬ ತೀರ್ಮಾನ.

ರಾಗಿ, ಜೋಳ, ಮೆಕ್ಕೆಜೋಳ, ಕಬ್ಬು ಇವು ಇದರಲ್ಲಿ ಜಾಣರು. ಸಿಕ್ಕ ಇಂಗಾಲವನ್ನು ಒಳಗೆ ಎರಡು ಹಂತದಲ್ಲಿ ಬಿಗಿಯಾಗಿ ಹಿಡಿದುಕೊಳ್ಳುವ ಏರ್ಪಾಡು ಇರುವುದರಿಂದ ಬಾಗಿಲು ಸ್ವಲ್ಪವೇ ತೆರೆದರೂ ಸಾಕು. ಒಂದು ಅಣುವಿಗೆ ಅವು ಕಳೆದುಕೊಳ್ಳುವ ನೀರು ಭತ್ತದ ಅರ್ಧದಷ್ಟು. ನಮ್ಮ ಮನೆಯಲ್ಲಿ ಇದರ ಮೇಲೂ ಜಗಳವಾಯಿತು. ಹೆಂಡತಿ ಮಂಡ್ಯದ ಕಡೆಯವಳು. ಮುದ್ದೆಯ ಮೇಲ್ಮೆಗೆ ವಿಜ್ಞಾನದ ಸಾಕ್ಷಿ ಸಿಕ್ಕಿದ ಸಂತೋಷದಲ್ಲಿ ಅವಳು ಅಮ್ಮನ ತಟ್ಟೆಯ ಕುಸುಬಲಕ್ಕಿ ಅನ್ನದ ಕಡೆ ನೋಡಿದ ನೋಟವನ್ನು ಬರೆಯಲಾರೆ. ಕಬ್ಬಿನ ಗದ್ದೆಗೆ ನಾಲೆಯಿಂದ ಎಷ್ಟು ನೀರು ಬಿಡುತ್ತಾರೆ ಎಂದು ಕೇಳುವ ಧೈರ್ಯವೂ ನನಗೆ ಬರಲಿಲ್ಲ.

ತೆರೆದ ಬಾಗಿಲಿಗೆ ಕಳ್ಳರ ಕಾಟವೂ ಉಂಟು. ಕಾಫಿ ತೋಟದವರಿಗೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ. ಕಾಫಿ ಎಲೆಯ ಪತ್ರರಂಧ್ರಗಳೆಲ್ಲ ಬೆನ್ನಿನಲ್ಲಿವೆ. ಎಲೆ ತುಕ್ಕು ರೋಗದ ಶಿಲೀಂಧ್ರ ಒಳಗೆ ನುಗ್ಗುವುದು ಅಲ್ಲಿಂದಲೇ, ಕಿತ್ತಳೆ ಬಣ್ಣದ ಪುಡಿಯಾಗಿ ಹೊರಗೆ ಬರುವುದೂ ಅಲ್ಲಿಂದಲೇ. ಸಿಲೋನಿನಲ್ಲಿ 1869ರಲ್ಲಿ ಕಾಣಿಸಿಕೊಂಡ ಈ ತುಕ್ಕು ಅಲ್ಲಿನ ಕಾಫಿಯನ್ನು ಮುಗಿಸಿ ಆ ದ್ವೀಪವನ್ನು ಟೀ ತೋಟವಾಗಿಸಿತು. ಮೂಡಿಗೆರೆಯ ನನ್ನ ಭಾವ ಬೋರ್ಡೋ ದ್ರಾವಣ ಹೊಡೆಸುವಾಗ ಆಳುಗಳ ಹಿಂದೆಯೇ ನಿಂತು “ಎಲೆ ಅಡಿಗೆ ಹೊಡೀರೋ, ಮೇಲೆ ಹೊಡೆದ್ರೆ ದೇವರಿಗೆ ಅಭಿಷೇಕ ಮಾಡಿದ ಹಾಗೆ” ಎಂದು ಕೂಗುತ್ತಿರುತ್ತಾರೆ. ಕೆಲವು ಬ್ಯಾಕ್ಟೀರಿಯಾಗಳು ಇನ್ನೂ ಖದೀಮರು. ಅಪರಿಚಿತರು ಬಂದದ್ದನ್ನು ಅರಿತ ಎಲೆ ಬಾಗಿಲು ಮುಚ್ಚಿಕೊಳ್ಳುತ್ತದೆ. ಆಗ ಅವು ಗಿಡದ ಸ್ವಂತ ಹಾರ್ಮೋನಿನ ವೇಷದ ಒಂದು ವಿಷ ತಯಾರಿಸಿ ಬಾಗಿಲು ತೆಗೆಸುತ್ತವೆ. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಬೀದಿಗಳಲ್ಲಿ ರಾತ್ರಿ ಮನೆಯವರ ದನಿಯಲ್ಲೇ ಕರೆಯುವ ದೆವ್ವದ ಸುದ್ದಿ ಹಬ್ಬಿ, ಬಾಗಿಲು ಬಾಗಿಲಿಗೆ ‘ನಾಳೆ ಬಾ’ ಎಂದು ಬರೆದದ್ದು ನೆನಪಿರಬಹುದು. ಎಲೆಗೆ ಅಕ್ಷರ ಬರುವುದಿಲ್ಲ, ಪಾಪ.

ಅಮ್ಮ ಕೇಳಿದ್ದ ಪ್ರಶ್ನೆಗೆ, ನುಸುಳಲು ಅವಳೇನು ಕಳ್ಳಿಯಾ ಎಂಬುದಕ್ಕೆ, ಉತ್ತರ ಕಳ್ಳಿಯಲ್ಲೇ ಸಿಕ್ಕಿತು. ಪಾಪಾಸುಕಳ್ಳಿ, ಭೂತಾಳೆ, ಅನಾನಸು ಇವೆಲ್ಲ ಹಗಲು ಬಾಗಿಲು ಹಾಕಿಕೊಂಡು, ಊರೆಲ್ಲ ಮಲಗಿದ ಮೇಲೆ ತೆರೆಯುವ ಜಾತಿ. ರಾತ್ರಿಯ ತಂಪಿನಲ್ಲಿ ನೀರು ಅಷ್ಟಾಗಿ ಹಾರುವುದಿಲ್ಲ. ಆದರೆ ಬಿಸಿಲಿಲ್ಲದೆ ಸಕ್ಕರೆ ಆಗುವುದಿಲ್ಲವಲ್ಲ? ಅದಕ್ಕೆ ರಾತ್ರಿ ತಂದ ಇಂಗಾಲವನ್ನು ಹುಳಿಯಾಗಿ, ಮ್ಯಾಲಿಕ್ ಆಮ್ಲವಾಗಿ, ಉಗ್ರಾಣ ತುಂಬಿಕೊಳ್ಳುತ್ತವೆ. ಬೆಳಗಾದ ಮೇಲೆ ಬಾಗಿಲು ಮುಚ್ಚಿ, ಒಳಗೇ ಕೂತು, ಹುಳಿ ಖರ್ಚು ಮಾಡಿ ಸಕ್ಕರೆ ಮಾಡುತ್ತವೆ. ಈ ಗುಟ್ಟಿನ ಎಳೆ ಹಿಡಿದವನು ಬೆಂಗಳೂರಿಗೆ ಬೇಕಾದವನೇ. ಬೆಂಜಮಿನ್ ಹೇನ್ ಎಂಬ ಜರ್ಮನ್ ಸಸ್ಯಶಾಸ್ತ್ರಜ್ಞ; ಟಿಪ್ಪುವಿನ ಪತನದ ನಂತರ ಮೆಕೆಂಝಿಯ ಮೈಸೂರು ಸರ್ವೆಯ ಜೊತೆಗಿದ್ದವನು, ಲಾಲ್‌ಬಾಗನ್ನು ಕೆಲಕಾಲ ನೋಡಿಕೊಂಡವನು. ಅವನು ಕಾಡುಬಸಳೆಯ ಎಲೆಯನ್ನು ಬೆಳಿಗ್ಗೆ ಅಗಿದು ನೋಡಿದ, ಹುಳಿ. ನಡುಹಗಲಿಗೆ ಅಗಿದ, ಸಪ್ಪೆ. ಸಂಜೆಗೆ ಅಗಿದ, ಕೊಂಚ ಕಹಿ. ಇದನ್ನು ಲಂಡನ್ನಿಗೆ ಕಾಗದ ಬರೆದು ತಿಳಿಸಿದ. 1815ರಲ್ಲಿ ಲಿನಿಯನ್ ಸೊಸೈಟಿಯ ಸಂಪುಟದಲ್ಲಿ ಅಚ್ಚಾಯಿತು. ಉಪಕರಣ ಅಂತ ಅವನ ಬಳಿ ಇದ್ದದ್ದು ನಾಲಗೆ ಒಂದೇ.

ಇಂಥ ಗಿಡಗಳ ಹೆಸರಿನಲ್ಲಿ ಈಗ ನರ್ಸರಿಯವರು ಸ್ನೇಕ್ ಪ್ಲಾಂಟ್ ಮಾರುತ್ತಾರೆ, ‘ರಾತ್ರಿ ಆಮ್ಲಜನಕ ಕೊಡುತ್ತೆ ಸಾರ್’ ಎಂದು. ಮಲಗುವ ಕೋಣೆಯಲ್ಲಿ ನಾವೂ ಒಂದಿಟ್ಟಿದ್ದೇವೆ. ರಾತ್ರಿ ಅದು ಬಾಗಿಲು ತೆರೆಯುವುದು ನಿಜ, ಇಂಗಾಲದ ಡೈಆಕ್ಸೈಡು ಹೀರುವುದೂ ನಿಜ. ಆಮ್ಲಜನಕ ಹುಟ್ಟಲು ಮಾತ್ರ ಬೆಳಕು ಬೇಕೇ ಬೇಕು. ಅಶ್ವತ್ಥಕ್ಕೂ ಇದೇ ಮಾತು. ಇದನ್ನು ಹೇಳಿದ್ದಕ್ಕೆ ಹೆಂಡತಿ, “ಮುನ್ನೂರು ರೂಪಾಯಿ ಕೊಟ್ಟಿದ್ದೀನಿ, ಕೊಡುತ್ತೆ” ಎಂದು ದೀಪ ಆರಿಸಿದಳು.

ಇಂಗ್ಲೆಂಡಿನ ಇಯಾನ್ ವುಡ್‌ವರ್ಡ್ 1987ರಲ್ಲಿ ಇನ್ನೊಂದು ಸುದ್ದಿ ಹೇಳಿದರು. ಕೇಂಬ್ರಿಡ್ಜಿನಲ್ಲಿ ಒತ್ತಿ ಒಣಗಿಸಿಟ್ಟ ಹಳೆಯ ಎಲೆಗಳನ್ನು ಹೊರತೆಗೆದು ಪತ್ರರಂಧ್ರ ಎಣಿಸಿದಾಗ, ಇನ್ನೂರು ವರ್ಷಗಳಲ್ಲಿ ಅವುಗಳ ಸಂಖ್ಯೆ ಸುಮಾರು ನೂರಕ್ಕೆ ನಲವತ್ತರಷ್ಟು ಇಳಿದಿತ್ತು. ನಮ್ಮ ಹೊಗೆಯಿಂದ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡು ಹೆಚ್ಚಿದ ಹಾಗೆ, ಮರಗಳು ‘ಇಷ್ಟೊಂದು ಬಾಗಿಲು ಯಾಕೆ’ ಎಂದು ಕಡಿಮೆ ಮಾಡಿಕೊಂಡಿವೆ. ಯಾವ ಸಭೆಯಲ್ಲೂ ಕೈ ಎತ್ತದೆ, ಯಾವ ಒಪ್ಪಂದಕ್ಕೂ ಸಹಿ ಹಾಕದೆ.

ಮೊನ್ನೆ ಭಾನುವಾರ ನಾನೂ ಹೇನ್‌ನಂತೆ ನಾಲಗೆಯ ಪ್ರಯೋಗಕ್ಕೆ ಇಳಿದೆ. ನಮ್ಮ ಕಾಂಪೌಂಡಿನ ಮೂಲೆಯಲ್ಲಿ ಕಾಡುಬಸಳೆ ತಾನೇ ಎದ್ದಿದೆ. ಪಕ್ಕದ ಮನೆಯ ರಾಯರು ಮೂತ್ರದ ಕಲ್ಲಿಗೆಂದು ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಕಿತ್ತುಕೊಂಡು ಹೋಗುತ್ತಾರೆ. ಕಲ್ಲಿನ ವಿಷಯ ಅವರಿಗೂ ಡಾಕ್ಟರಿಗೂ ಬಿಟ್ಟದ್ದು, ನನಗೆ ಬೇಕಿದ್ದದ್ದು ಉಗುರಿನಷ್ಟು ಎಲೆ. ಬೆಳಿಗ್ಗೆ ಆರಕ್ಕೆ ಕಚ್ಚಿದೆ. ಹಲ್ಲು ಜುಮ್ಮೆಂದಿತು, ಒಳ್ಳೆ ಹುಳಿ. ಮಧ್ಯಾಹ್ನ ಹನ್ನೆರಡೂವರೆಗೆ ಕಚ್ಚಿದೆ. ಸಪ್ಪೆ, ಸೌತೆಕಾಯಿಯ ಸಿಪ್ಪೆಯ ಹಾಗೆ. ಇನ್ನೂರು ವರ್ಷದ ಹಿಂದಿನ ಒಬ್ಬ ಮನುಷ್ಯ ಬಾಯಿಗೆ ಬಂದು ಹೋದಂತಾಯಿತು.

ಮೂರನೆಯ ಕಂತಿಗೆಂದು ಆರೂವರೆಗೆ ಅಂಗಳಕ್ಕಿಳಿದು ಎಲೆಗೆ ಕೈ ಹಾಕಿದ್ದೆ ಅಷ್ಟೆ. ತೆರೆದ ಬಾಗಿಲಲ್ಲಿ ಅಮ್ಮ. “ಸಂಜೆ ಹೊತ್ತು ಗಿಡ ಮುಟ್ಟಬೇಡ ಮಾರಾಯ, ಮಲಗಿರುತ್ತೆ.” ಇದು ಮಲಗುವ ಜಾತಿಯಲ್ಲಮ್ಮ, ಈಗಷ್ಟೇ ಎದ್ದು ಬಾಗಿಲು ತೆಗೆಯುವ ಹೊತ್ತು ಎನ್ನಬೇಕೆಂದಿದ್ದೆ. ಅನ್ನಲಿಲ್ಲ. ಸಂಜೆಯ ಕಹಿಗೆ ಹೇನ್‌ನ ಮಾತನ್ನೇ ನಂಬಿಕೊಂಡು ಕೈ ತೊಳೆದು ಒಳಗೆ ಬಂದೆ. ನನ್ನ ಜೊತೆಗೆ ಎರಡು ಸೊಳ್ಳೆಗಳೂ ಬಂದವು. ಮತ್ತೆ ಇನ್ನು ಯಾರಾದರೂ ಬಂದರೇನೋ ಎಂದು ಅಮ್ಮ ನನ್ನ ಹೆಗಲ ಮೇಲಿಂದ ಹೊರಗೆ ಇಣುಕಿ ನೋಡುತ್ತಿದ್ದಳು.